ಅಪ್ಪನ ಖಾಕಿ ಅಂಗಿ ಮತ್ತು ಬಲ್ಮಠದ ಮಗ್ಗ

ಮೊನ್ನೆ ಭಾನುವಾರ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಟೀವಿ ಮುಂದೆ ಕೂತಿದ್ದೆವು. ಯಾವುದೋ ಒಂದು ಕಾಮಿಡಿ ಶೋ. ಚಾನೆಲ್ ಹೆಸರು ಬೇಡ ಬಿಡಿ, ಎಲ್ಲದರಲ್ಲೂ ಬರುವುದು ಒಂದೇ ಥರದ್ದು. ವೇದಿಕೆ ಮೇಲೆ ಎಂಟು ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದನ್ನೇ ಬಸ್ಸು ಅಂದರು. ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಮೇಲೆ ಖಾಕಿ ಅಂಗಿ ತೊಟ್ಟ ಕಂಡಕ್ಟರ್ ಒಬ್ಬ ಬಂದ. ಚಿಲ್ಲರೆ ಕೊಡದೆ ಅಜ್ಜಿಯೊಬ್ಬಳನ್ನು ಗೋಳು ಹೊಯ್ದುಕೊಂಡ, ಹುಡುಗಿಯರ ಮುಂದೆ ಹಲ್ಲು ಕಿರಿದ, ಕೊನೆಗೆ ಅದೇ ಅಜ್ಜಿಯ ಕೊಡೆಯಲ್ಲಿ ಪೆಟ್ಟು ತಿಂದು ಕುರ್ಚಿ ಸಮೇತ ಬಿದ್ದ. ತೀರ್ಪುಗಾರರು ಮೇಜು ತಟ್ಟಿ ತಟ್ಟಿ ನಕ್ಕರು. ಒಬ್ಬರಂತೂ ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ನಕ್ಕಾದ ಮೇಲೆ ನೆನಪಾಯಿತು... ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದಾರೆ.

ಅಪ್ಪ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು.

ಮೆಲ್ಲಗೆ ತಿರುಗಿ ನೋಡಿದೆ. ಅಪ್ಪ ನಗುತ್ತಲೂ ಇರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಪರೀಕ್ಷೆ ಪೇಪರು ತಿದ್ದುವ ಮಾಸ್ಟರ ಹಾಗೆ ನೋಡುತ್ತಿದ್ದರು. ಜಾಹೀರಾತು ಬಂದಾಗ ಒಂದೇ ಮಾತು ಹೇಳಿದರು: "ಅವ ನೋಟು ಹಿಡಿದ ಕ್ರಮ ಸರಿ ಇಲ್ಲ. ಹಾಗೆ ಹಿಡಿದರೆ ಒಂದೇ ತಿರುವಿನಲ್ಲಿ ಎಲ್ಲ ಹಾರಿ ಹೋಗ್ತದೆ."

(ನಮ್ಮ ಮನೆಮಾತು ತುಳು. ಅಪ್ಪ ಅಮ್ಮ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ನನ್ನ ತಪ್ಪು.)

ವಿಷಯ ನಿಜವೇ. ನೋಟನ್ನು ಉದ್ದಕ್ಕೆ ಮಡಚಿ, ಹತ್ತರದ್ದು ಒಂದು ಸಂದಿಗೆ, ಐವತ್ತರದ್ದು ಇನ್ನೊಂದು ಸಂದಿಗೆ ಅಂತ ಎಡಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಕಂಬಿ ಹಿಡಿದು, ಬಾಯಲ್ಲಿ ಸೀಟಿ ಇಟ್ಟುಕೊಂಡು, ಹಂಪನಕಟ್ಟೆಯ ತಿರುವಿನಲ್ಲಿ ಬೀಳದೆ ನಿಲ್ಲುವುದು ಒಂದು ವಿದ್ಯೆ. ಅದಕ್ಕೆ ಡಿಪ್ಲೊಮಾ ಕೊಡುವವರಿಲ್ಲ ಅಷ್ಟೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬಂತು. ಆದರೆ ಮರುದಿನ ಬೆಳಿಗ್ಗೆಯಿಂದ ಆ ಖಾಕಿ ಅಂಗಿ ತಲೆಯಲ್ಲಿ ಕೂತುಬಿಟ್ಟಿತು. ಕಂಡಕ್ಟರ್, ಕಾನ್‌ಸ್ಟೇಬಲ್, ಪ್ಯೂನ್, ರಿಕ್ಷಾದವ... ನಮ್ಮ ಟೀವಿ ಹಾಸ್ಯದಲ್ಲಿ ಪೆಟ್ಟು ತಿನ್ನುವವನಿಗೆ ಯಾಕೆ ಯಾವಾಗಲೂ ಖಾಕಿಯೇ ಯೂನಿಫಾರ್ಮು? ಈ ಬಟ್ಟೆ ಬಂದದ್ದಾದರೂ ಎಲ್ಲಿಂದ?

ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಕಥೆ ನಮ್ಮ ಬಲ್ಮಠದಲ್ಲೇ ಇತ್ತು.

ಮಂಗಳೂರಿನವರಾದ ನಮಗೆ ಒಂದು ಚಟ ಇದೆ. ಯಾವುದನ್ನು ಕಂಡರೂ "ಅದು ಮೊದಲು ಶುರುವಾದದ್ದು ನಮ್ಮಲ್ಲೇ" ಅನ್ನುವುದು. ಬ್ಯಾಂಕುಗಳ ತವರು ನಮ್ಮದು ಅನ್ನುತ್ತೇವೆ. (2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳೊಳಗೆ ಕರಗಿಹೋದ ಮೇಲೂ ಅನ್ನುತ್ತೇವೆ.) ಕನ್ನಡದ ಮೊದಲ ಪತ್ರಿಕೆ ನಮ್ಮದು ಅನ್ನುತ್ತೇವೆ. ಅದು ನಿಜ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇಲ್ಲಿಂದಲೇ. ಈಗಲೂ ಜುಲೈ 1 ಪತ್ರಿಕಾ ದಿನ. ಹೆಂಚು ನಮ್ಮದು ಅನ್ನುತ್ತೇವೆ, ಅದೂ ನಿಜ. ಆ ಪಟ್ಟಿಯ ಕೊನೆಯಲ್ಲಿ ಯಾರಾದರೊಬ್ಬರು ದನಿ ತಗ್ಗಿಸಿ ಹೇಳುತ್ತಾರೆ: "ಖಾಕಿ ಕಂಡುಹಿಡಿದದ್ದೂ ಮಂಗಳೂರಿನಲ್ಲೇ, ಗೊತ್ತುಂಟಾ?"

ಆ ಕಥೆ ಹೀಗಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ 1815ರಲ್ಲಿ ಒಂದು ಕ್ರೈಸ್ತ ಮಿಶನ್ ಹುಟ್ಟಿತು. ಅದರಲ್ಲಿದ್ದ ಪಾದ್ರಿಗಳು ಹೆಚ್ಚಿನವರು ಜರ್ಮನ್ ಭಾಷಿಕರು. ಈಸ್ಟ್ ಇಂಡಿಯಾ ಕಂಪನಿ 1833ರವರೆಗೆ ಬ್ರಿಟಿಷರಲ್ಲದ ಪಾದ್ರಿಗಳನ್ನು ಸಲೀಸಾಗಿ ಒಳಗೆ ಬಿಡುತ್ತಿರಲಿಲ್ಲ. ಆ ವರ್ಷದ ಚಾರ್ಟರ್ ಕಾಯ್ದೆಯಿಂದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು ಮಂಗಳೂರಿಗೆ ಬಂದರು.

ಬಂದವರು ಧರ್ಮ ಬೋಧಿಸಿದರು, ಶಾಲೆ ತೆರೆದರು. ಕೆಲವರು ಮತಾಂತರವಾದರು. ಅಲ್ಲಿಗೆ ಸಮಸ್ಯೆ ಶುರುವಾಯಿತು. ಆತ್ಮದ ಸಮಸ್ಯೆ ಅಲ್ಲ, ಹೊಟ್ಟೆಯದ್ದು.

ಆ ಕಾಲದಲ್ಲಿ ಜಾತಿ ಬಿಡುವುದು ಅಂದರೆ ದೇವರನ್ನು ಬದಲಾಯಿಸಿದಷ್ಟು ಸುಲಭ ಇರಲಿಲ್ಲ. ಕೆಲಸವೂ ಜಾತಿಯ ಜೊತೆಗೇ ಅಂಟಿಕೊಂಡಿತ್ತು. ಮನೆಯವರು ಹೊರಗೆ ಹಾಕುತ್ತಿದ್ದರು, ಗೇಣಿಗೆ ಕೊಟ್ಟ ಭೂಮಿಯನ್ನು ಧಣಿ ಬಿಡಿಸಿಕೊಳ್ಳುತ್ತಿದ್ದ. ಮತಾಂತರವಾದವರಲ್ಲಿ ಬಿಲ್ಲವ ಸಮುದಾಯದವರು ಬಹಳ ಮಂದಿ. ಅವರಲ್ಲಿ ಹಲವರ ಕಸುಬು ಮರ ಹತ್ತಿ ಶೇಂದಿ ಇಳಿಸುವುದು. ಹೊಸ ಧರ್ಮದ ಪಾದ್ರಿಗಳು ಮದ್ಯದ ಕಡು ವಿರೋಧಿಗಳು. ಶೇಂದಿ ತೆಗೆಯಬಾರದು, ಮಾರಬಾರದು ಅಂತ ಕಟ್ಟುನಿಟ್ಟು. ಹಳೆಯ ದೇವರು ಮರ ಹತ್ತಲು ಬಿಟ್ಟಿದ್ದ, ಹೊಸ ದೇವರು ಇಳಿ ಅಂದ. ಇಳಿದಾದ ಮೇಲೆ ಏನು ಮಾಡುವುದು? ಆ ಪ್ರಶ್ನೆಗೆ ಬೈಬಲ್ಲಿನಲ್ಲಿ ರೆಡಿಮೇಡ್ ಉತ್ತರ ಇರಲಿಲ್ಲ.

ಹಾಗಾಗಿ ಮಿಶನ್ ಕೈಗಾರಿಕೆಗೆ ಇಳಿಯಿತು. ಕೃಷಿ ಪ್ರಯತ್ನಿಸಿದರು, ಕೈ ಹಿಡಿಯಲಿಲ್ಲ. ಅಚ್ಚುಕೂಟ 1841ರಲ್ಲಿ ಬಂತು. ನೇಯ್ಗೆಯ ಪ್ರಯತ್ನ 1844ರ ಹೊತ್ತಿಗೇ ಶುರುವಾದರೂ ಸರಿಯಾಗಿ ನಿಂತದ್ದು 1851ರಲ್ಲಿ, ಯುರೋಪಿನಿಂದ ಜಾನ್ ಹಾಲರ್ ಅನ್ನುವ ನುರಿತ ನೇಕಾರ ಬಂದ ಮೇಲೆ. ಬಲ್ಮಠದ ಮಿಶನ್ ಆವರಣದಲ್ಲಿ ಮಗ್ಗಗಳು ಕೂತವು. ಪಕ್ಕದಲ್ಲೇ ಬಣ್ಣ ಹಾಕುವ ಮನೆ. ನಮ್ಮ ನೇಕಾರರು ಅದುವರೆಗೆ ಲಾಳಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರೆ, ಇಲ್ಲಿ ಹಗ್ಗ ಎಳೆದರೆ ಲಾಳಿ ತಾನೇ ಆ ಕಡೆಗೆ ಹಾರುವ ಮಗ್ಗ. ಕೆಲಸ ಬೇಗ, ಬಟ್ಟೆಯ ಪನ್ನವೂ ಹೆಚ್ಚು.

ಈ ಹಾಲರ್ ಗೇರು ಜಾತಿಯ ಮರದ ರಸದಿಂದ ಒಂದು ಮಣ್ಣುಬಣ್ಣ ತಯಾರಿಸಿದ, ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ, ಅದೇ ಖಾಕಿ ಎಂಬುದು ನಮ್ಮೂರಿನ ಕಥೆ. ಮುಂದೆ ರಾಬರ್ಟ್ಸ್ ಎಂಬ ಸೇನಾಧಿಕಾರಿ (ಇವರು 1881ರಿಂದ 1885ರವರೆಗೆ ಮದರಾಸಿನ ಸೇನೆಯ ದಂಡನಾಯಕ, ಆಮೇಲೆ ಇಡೀ ಭಾರತದ ದಂಡನಾಯಕ, ಕೊನೆಗೆ ಲಾರ್ಡ್ ರಾಬರ್ಟ್ಸ್) ಬಲ್ಮಠದ ನೇಯ್ಗೆ ಮನೆಗೆ ಬಂದು, ಈ ಬಟ್ಟೆ ಕಂಡು ಮೆಚ್ಚಿ, ಸೈನಿಕರಿಗೆ ಇದೇ ಆಗಬೇಕು ಅಂದರಂತೆ. ಅಲ್ಲಿಂದ ಖಾಕಿ ಜಗತ್ತು ಗೆದ್ದಿತಂತೆ.

ಕೇಳಲು ಚೆನ್ನಾಗಿದೆ ಅಲ್ವಾ? ಗೇರು ಜಾತಿಯ ಮರ, ಯುರೋಪಿನ ನೇಕಾರ, ತುಳುವರ ಕೈ, ಇಂಗ್ಲಿಷರ ಸೈನ್ಯ. ಇಷ್ಟೆಲ್ಲ ಒಂದೇ ಅಂಗಿಯಲ್ಲಿ.

ಆದರೆ ಇತಿಹಾಸ ನಮ್ಮೂರಿನ ಅಭಿಮಾನಕ್ಕೆ ಒಂದು ಸಣ್ಣ ಚುಚ್ಚುಮದ್ದು ಕೊಡುತ್ತದೆ. 'ಖಾಕ್' ಅಂದರೆ ಪಾರಸಿಯಲ್ಲಿ ಧೂಳು, ಮಣ್ಣು. ಖಾಕಿ ಅಂದರೆ ಧೂಳಿನ ಬಣ್ಣದ್ದು. ಹೆಸರೇ ಹೇಳುವಂತೆ ಅದು ಹುಟ್ಟಿದ್ದು ಧೂಳಿನ ನಾಡಿನಲ್ಲಿ, ಪೇಶಾವರದ ಕಡೆ. 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಅಲ್ಲಿ 'ಗೈಡ್ಸ್' ಅನ್ನುವ ದಳ ಕಟ್ಟಿದ. ಕೆಂಪು ಕೋಟು ಹಾಕಿಕೊಂಡು ಬೋಳುಗುಡ್ಡಗಳಲ್ಲಿ ಓಡಾಡಿದರೆ ಶತ್ರುವಿಗೆ ಗುರಿ ಇಡಲು ಸುಲಭ ಅಂತ ಒಂದೆರಡು ವರ್ಷದಲ್ಲೇ ಆ ದಳಕ್ಕೆ ಮಣ್ಣುಬಣ್ಣದ ಬಟ್ಟೆ ಬಂತು. ಅಂದರೆ ಹಾಲರ್ ಮಂಗಳೂರಿನಲ್ಲಿ ಕಾಲಿಡುವ ಮೊದಲೇ ಖಾಕಿ ಇತ್ತು, ಹೆಸರೂ ಇತ್ತು. 1857ರ ದಂಗೆಯ ಬೇಸಗೆಯಲ್ಲಿ ಬ್ರಿಟಿಷ್ ಸೈನಿಕರು ತಮ್ಮ ಬಿಳಿ ಬಟ್ಟೆಗಳನ್ನು ಚಹಾ, ಕಾಫಿ, ಕೆಸರು, ಶಾಯಿ, ಸಿಕ್ಕಿದ್ದರಲ್ಲೆಲ್ಲ ಅದ್ದಿ ಬಣ್ಣ ಕೆಡಿಸಿಕೊಂಡರು. ತೊಂದರೆ ಏನೆಂದರೆ, ಆ ಬಣ್ಣಗಳು ಒಗೆದರೆ ನಿಲ್ಲುತ್ತಿರಲಿಲ್ಲ. ಒಬ್ಬನ ಅಂಗಿ ಹಳದಿ, ಇನ್ನೊಬ್ಬನದ್ದು ಬೂದಿ, ಮತ್ತೊಬ್ಬನದ್ದು ಹೆಚ್ಚುಕಮ್ಮಿ ಗುಲಾಬಿ. ಹೋಗದ ಖಾಕಿ ಬಣ್ಣಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದದ್ದು 1884ರಲ್ಲಿ. ಮರುವರ್ಷದ ಹೊತ್ತಿಗೆ ಭಾರತದ ಸೇನೆಗೆ ಖಾಕಿ ಅಧಿಕೃತವಾಯಿತು. 1899ರಿಂದ 1902ರವರೆಗಿನ ದಕ್ಷಿಣ ಆಫ್ರಿಕದ ಯುದ್ಧ ಮುಗಿಯುವಷ್ಟರಲ್ಲಿ ಕೆಂಪು ಕೋಟು ಮೆರವಣಿಗೆಗೆ ಮಾತ್ರ ಉಳಿಯಿತು.

ಹಾಗಾದರೆ ಮಂಗಳೂರಿನ ಪಾಲು ಏನು? ಕಂಡುಹಿಡಿದದ್ದು ನಾವಲ್ಲ, ನಿಜ. ಒಗೆದರೂ ಹೋಗದ ಹಾಗೆ ಬಣ್ಣ ಹಾಕಿ, ದಪ್ಪವಾಗಿ ನೇಯ್ದು, ಗಜಗಟ್ಟಲೆ ಮಾರುವ ಬಟ್ಟೆ ಮಾಡಿದವರಲ್ಲಿ ನಾವು ಮೊದಲಿಗರ ಸಾಲಿನವರು. ನನಗಂತೂ ಇದೇ ಹೆಚ್ಚು ಮರ್ಯಾದೆಯ ಕೆಲಸ ಅನ್ನಿಸುತ್ತದೆ. ಹೊಳೆಯುವ ಯೋಚನೆ ಯಾರಿಗೂ ಒಂದು ಮಧ್ಯಾಹ್ನ ಹೊಳೆದುಬಿಡಬಹುದು. ಹೋಗದ ಬಣ್ಣ ಹಾಕಲು ದಿನಾ ಕೈ ಅದ್ದಬೇಕು.

ಯಾರ ಕೈ? ಇಲ್ಲೇ ನನಗೆ ಮುಳ್ಳು ಚುಚ್ಚಿದ್ದು. ಕಥೆ ಹೇಳುವಾಗ ನಾವು ಹೆಸರಿಸುವುದು ಹಾಲರನನ್ನು, ಬಿಟ್ಟರೆ ಲಾರ್ಡ್ ರಾಬರ್ಟ್ಸನನ್ನು. ಆ ಮಗ್ಗದಲ್ಲಿ ಕೂತವನ, ಆ ಬಣ್ಣದ ಹಂಡೆಯಲ್ಲಿ ಮೊಣಕೈವರೆಗೆ ಕೈ ಇಳಿಸಿದವನ ಒಂದು ಹೆಸರನ್ನೂ ಮಂಗಳೂರಿನ ಯಾರ ಬಾಯಲ್ಲೂ ನಾನು ಕೇಳಿಲ್ಲ. ಮರ ಹತ್ತುವುದು ಬಿಟ್ಟು, ಜಾತಿ ಬಿಟ್ಟು, ಅಣ್ಣತಮ್ಮಂದಿರನ್ನು ಬಿಟ್ಟು ಬಂದವನೊಬ್ಬ ಮೊದಲ ದಿನ ಆ ಲಾಳಿಯ ಹಗ್ಗ ಎಳೆದಾಗ ಅವನಿಗೆ ಏನನ್ನಿಸಿತೋ! ಸ್ವರ್ಗ ಸಿಕ್ಕಿತೋ ಇಲ್ಲವೋ, ಸಂಜೆಗೆ ಅಕ್ಕಿ ಸಿಕ್ಕಿತು. ಸಂಬಳದ ಕೆಲಸ, ಗಂಟೆ ಹೊಡೆದರೆ ಶುರು, ಗಂಟೆ ಹೊಡೆದರೆ ಮುಗಿತು. ಕರಾವಳಿಯಲ್ಲಿ ಅದೂ ಹೊಸತೇ.

ಹೆಂಚಿನದ್ದೂ ಇದೇ ಕಥೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ, ನೇತ್ರಾವತಿಯ ಬದಿ, ಮಿಶನ್ನಿನ ಹೆಂಚಿನ ಕಾರ್ಖಾನೆ ಶುರು ಮಾಡಿದರು. 1868ರಲ್ಲಿ ನಮ್ಮೂರಿನವರದ್ದೇ ಆದ ಅಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ನದೀ ದಂಡೆ ತುಂಬ ಹೊಗೆಕೊಳವೆಗಳು. ಹಳೆಮನೆ ಕೆಡವುವಾಗ ಒಂದು ಹೆಂಚು ತಿರುವಿ ನೋಡಿ. ಕಂಪನಿಯ ಹೆಸರಿದೆ, ಊರಿದೆ, ಕೆಲವದರಲ್ಲಿ ಇಸವಿಯೂ ಇದೆ. ಹಸಿ ಹೆಂಚು ಹೊತ್ತ ಹೆಂಗಸಿನ ಹೆಸರಿಗೆ ಜಾಗ ಸಾಲದೆ ಹೋಯಿತು. ಆದರೆ ಒಮ್ಮೊಮ್ಮೆ ಹಳೆ ಹೆಂಚಿನ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು ಸುಟ್ಟು ಉಳಿದಿರುತ್ತದೆ. ನಮ್ಮ ಅಜ್ಜಿಮನೆಯ ಒಂದು ಹೆಂಚಿನಲ್ಲಿತ್ತು. ಚಿಕ್ಕವನಿದ್ದಾಗ ನನ್ನ ಬೆರಳು ಅದರ ಮೇಲಿಟ್ಟು ಅಳತೆ ನೋಡುತ್ತಿದ್ದೆ.

ಮಿಶನ್ನಿನ ಕಥೆಗೆ ಒಂದು ವಿಚಿತ್ರ ತಿರುವೂ ಇದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷರಿಗೆ ಜರ್ಮನ್ನರು ಶತ್ರುಗಳು. ಎಂಬತ್ತು ವರ್ಷದಿಂದ ಇಲ್ಲಿ ಶಾಲೆ, ಅಚ್ಚುಕೂಟ, ನಿಘಂಟು ಅಂತಿದ್ದ ಸಂಸ್ಥೆಯ ಜರ್ಮನ್ ಪಾದ್ರಿಗಳು ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳಾದರು. (ಕಿಟೆಲ್ ಅವರ 1894ರ ಕನ್ನಡ ನಿಘಂಟು ಇದೇ ಮಿಶನ್ನಿನ ಮಂಗಳೂರಿನ ಅಚ್ಚಿನಿಂದ ಬಂದದ್ದು.) ಅವರನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು, ಆಮೇಲೆ ಊರಿಗೆ ಕಳಿಸಿದರು. ನೇಯ್ಗೆ, ಹೆಂಚಿನ ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಖಾಕಿ ನೇಯಿಸಿದವರನ್ನು ಬಂಧಿಸಲು ಬಂದವರು ತೊಟ್ಟಿದ್ದು ಯಾವ ಬಣ್ಣ ಅಂತ ಬೇರೆ ಹೇಳಬೇಕಾ?

ಆಮೇಲೆ ಖಾಕಿ ಮೆಲ್ಲ ಮೆಲ್ಲ ಮೆಟ್ಟಿಲು ಇಳಿಯಿತು. ಸೇನೆ ಹಸಿರಿಗೆ ಹೋಯಿತು. ಪೊಲೀಸರಿಗೆ ಖಾಕಿ ಉಳಿಯಿತು. ಅಂಚೆಯವನಿಗೆ, ಬಸ್ಸಿನವರಿಗೆ, ರಿಕ್ಷಾದವರಿಗೆ, ಆಫೀಸಿನ ಜವಾನನಿಗೆ, ಹೋಮ್‌ಗಾರ್ಡಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ ಬಂತು. 1925ರಲ್ಲಿ ಹುಟ್ಟಿದ ಆರೆಸ್ಸೆಸ್ಸಿನ ಚಡ್ಡಿಗೂ ಬಂತು, 2016ರಲ್ಲಿ ಕಂದು ಪ್ಯಾಂಟು ಬರುವವರೆಗೆ ಇತ್ತು. ಕ್ರೈಸ್ತ ಮಿಶನ್ನಿನ ಮಗ್ಗದಲ್ಲಿ ಮತಾಂತರವಾದವರು ನೇಯ್ದ ಬಟ್ಟೆ ಯಾರ್‍ಯಾರ ಮೈಮೇಲೆ ಕೂತಿತು ನೋಡಿ! ಬಟ್ಟೆಗೆ ಧರ್ಮ ಇಲ್ಲ. ಅದಕ್ಕೆ ಗೊತ್ತಿರುವುದು ಬೆವರು ಮಾತ್ರ.

ಈಗ ಟೀವಿಗೆ ಬರೋಣ.

ನನ್ನ ವಯಸ್ಸಿನವರಿಗೆ ಟೀವಿಯಲ್ಲಿ ಮೊದಲು ಕಂಡ ಖಾಕಿ 'ಮಾಲ್ಗುಡಿ ಡೇಸ್'ನ ಅಂಚೆಯವನದ್ದು. ಆರ್. ಕೆ. ನಾರಾಯಣ್ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 1986-87ರಲ್ಲಿ ದೂರದರ್ಶನಕ್ಕೆ ಕೊಟ್ಟದ್ದು. ಅದರಲ್ಲಿ ತಾನಪ್ಪ ಎಂಬ ಅಂಚೆಯವ ಒಂದು ಮನೆಯ ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ತಡೆಹಿಡಿಯುತ್ತಾನೆ. ಅದರಲ್ಲೂ ತಮಾಷೆ ಇತ್ತು. ತಾನಪ್ಪ ಎಲ್ಲರ ಮನೆ ವಿಷಯಕ್ಕೂ ಮೂಗು ತೂರಿಸುವವ. ಆದರೆ ಅವನ ಕೆಲಸದ ಬಗ್ಗೆ ಯಾರೂ ನಗಲಿಲ್ಲ. 2001ರಲ್ಲಿ ಸಬ್ ಟೀವಿಯ 'ಆಫೀಸ್ ಆಫೀಸ್' ಬಂತು. ಪಂಕಜ್ ಕಪೂರ್ ಮಾಡಿದ ಮುಸದ್ದಿಲಾಲ್ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ನಾವು ಅವನ ಜೊತೆ ನಿಂತು ಕಚೇರಿಯನ್ನು ನೋಡಿ ನಗುತ್ತೇವೆ. 2006ರಿಂದ 2015ರವರೆಗೆ ನಡೆದ 'ಎಫ್‌ಐಆರ್'ನಲ್ಲಿ ಇನ್‌ಸ್ಪೆಕ್ಟರ್ ಬಹಳ ಜೋರು, ಕೈಕೆಳಗಿನ ಕಾನ್‌ಸ್ಟೇಬಲ್‌ಗಳು ಪೆದ್ದುಪೆದ್ದು. ನಮ್ಮ ಕನ್ನಡದ ಕಾಮಿಡಿ ರಿಯಾಲಿಟಿ ಶೋಗಳ ಕಾಲಕ್ಕೆ, ಅಂದರೆ ಈ ಹತ್ತು ವರ್ಷದಲ್ಲಿ, ಖಾಕಿ ತೊಟ್ಟು ಒಳಗೆ ಬಂದರೆ ಸಾಕು, ಮಾತಾಡುವ ಮೊದಲೇ ನಗು ಶುರು. ಇನ್ನು ನಮ್ಮೂರಿನ ಚಾನೆಲ್‌ಗಳ ತುಳು ಹಾಸ್ಯ ಸ್ಪರ್ಧೆಗಳಲ್ಲಿ ಕೊಕ್ಕೆ ಟೋಪಿಯ ಪೊಲೀಸ್ ಇಲ್ಲದ ಸ್ಕಿಟ್ ಹುಡುಕುವುದೇ ಕಷ್ಟ. (ಆ ಟೋಪಿಯನ್ನೂ ಕರ್ನಾಟಕ ಸರಕಾರ 2025ರ ಅಕ್ಟೋಬರಿನಲ್ಲಿ ಬದಲಾಯಿಸಿತು. ನಾಟಕ ತಂಡಗಳಿಗೆ ಹೊಸ ಖರ್ಚು!)

ಹಾಗಂತ ಕೆಳಗಿನ ಕೆಲಸದವನನ್ನು ಹಾಸ್ಯ ಮಾಡಿದ್ದು ಟೀವಿಯೇ ಮೊದಲು ಅಂತ ನಾನು ಹೇಳಿದರೆ ಯಕ್ಷಗಾನ ನೋಡುವವರು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ. ನಮ್ಮ ಆಟಗಳಲ್ಲಿ ದೂತ, ಚಾರಕ, ಬಾಗಿಲು ಕಾಯುವವ, ಇವೆಲ್ಲ ಹಾಸ್ಯಗಾರನಿಗೇ ಮೀಸಲು. ಕಟೀಲು ಮೇಳದ ಹರಕೆಯಾಟದಲ್ಲಿ, ದೇವಿಗೆ ಹೇಳಿಕೊಂಡು ಆಡಿಸುವ 'ದೇವಿ ಮಹಾತ್ಮೆ'ಯಲ್ಲೂ ದೂತ ಬಂದರೆ ನಗು ಗ್ಯಾರಂಟಿ. ಧರ್ಮಕ್ಕೂ ಹಾಸ್ಯಕ್ಕೂ ನಮ್ಮಲ್ಲಿ ಜಗಳ ಇಲ್ಲ. ನಡುರಾತ್ರಿ ಚೌಕಿಯಲ್ಲಿ ಗಣಪತಿಯ ಮುಂದೆ ದೀಪ ಉರಿಯುತ್ತಿರುತ್ತದೆ, ರಂಗಸ್ಥಳದಲ್ಲಿ ಹಾಸ್ಯಗಾರ ರಾಕ್ಷಸ ರಾಜನ ಕಾಲೆಳೆಯುತ್ತಿರುತ್ತಾನೆ.

ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಯಕ್ಷಗಾನದ ದೂತ ತಾನು ಪೆಟ್ಟು ತಿನ್ನುವುದು ಕಡಿಮೆ, ಕೊಡುವುದೇ ಜಾಸ್ತಿ. ರಾಜ ಕಿರೀಟ ಇಟ್ಟುಕೊಂಡು ಗರ್ಜಿಸಿದರೆ ದೂತ ಪಕ್ಕದಲ್ಲಿ ನಿಂತು "ಧಣೀ, ಸಂಬಳ ಆರು ತಿಂಗಳಿಂದ ಬರಲಿಲ್ಲ" ಅನ್ನುವ ಥರದ ಒಂದು ಮಾತಿನಲ್ಲಿ ಇಡೀ ಗರ್ಜನೆಯನ್ನು ಪುಸ್ ಮಾಡುತ್ತಾನೆ. ಸಭೆಯಲ್ಲಿ ಕೂತವರು ದೂತನ ಜೊತೆ ಸೇರಿ ರಾಜನನ್ನು ನೋಡಿ ನಗುತ್ತಾರೆ. ಪಾತ್ರ ಕೆಳಗಿನದ್ದು, ಕೆಲಸ ದೊಡ್ಡದು. ಎಲ್ಲ ಪ್ರಸಂಗದ ನಡೆ ತಿಳಿದವನೇ ಹಾಸ್ಯಗಾರ ಆಗಬಲ್ಲ ಅಂತ ಮೇಳದವರೇ ಹೇಳುತ್ತಾರೆ. (ಅದಕ್ಕೆ ತಕ್ಕ ಹೆಸರು ಎಲ್ಲ ಹಾಸ್ಯಗಾರರಿಗೂ ಸಿಕ್ಕಿತೋ ಅನ್ನುವುದು ಇನ್ನೊಂದು ದಿನದ ಜಗಳ.) ಟೀವಿಯಲ್ಲಿ ಆ ನಗು ತಲೆಕೆಳಗಾಯಿತು. ಈಗ ರಾಜರು ತೀರ್ಪುಗಾರರ ಸೋಫಾದಲ್ಲಿ ಕೂತಿದ್ದಾರೆ, ದೂತನಿಗೆ ಕೊಡೆಯಲ್ಲಿ ಪೆಟ್ಟು.

ಕಂಡಕ್ಟರುಗಳೆಲ್ಲ ಹರಿಶ್ಚಂದ್ರನ ಮಕ್ಕಳು ಅಂತ ನಾನು ಹೇಳುತ್ತಿಲ್ಲ. ಚಿಲ್ಲರೆ ನುಂಗಿದವರಿದ್ದಾರೆ, ಬಾಯಿಬಡುಕರಿದ್ದಾರೆ. ಸ್ವತಃ ಅಪ್ಪನೇ ಅಂಥವರ ಕಥೆ ಹೇಳಿ ನಮ್ಮನ್ನು ನಗಿಸುತ್ತಿದ್ದರು, ಟೀವಿಯವರಿಗಿಂತ ಚೆನ್ನಾಗಿ. ಯಾಕೆಂದರೆ ಅಪ್ಪನ ಕಥೆಯಲ್ಲಿ ಕಂಡಕ್ಟರಿಗೆ ಹೆಸರಿರುತ್ತಿತ್ತು, ಊರಿರುತ್ತಿತ್ತು, ಮನೆಯಲ್ಲಿ ಕಾಯಿಲೆಯ ತಾಯಿ ಇರುತ್ತಿದ್ದಳು. ದಿಂಬಿನ ಹೊಟ್ಟೆ ಮಾತ್ರ ಇರುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಒಂಬತ್ತರವರೆಗೆ ನಿಂತೇ ಇರುವವರಿಗೆ ಹೊಟ್ಟೆ ಬರುವುದಾದರೂ ಎಲ್ಲಿಂದ?

ಬಸ್ಸಿನ ಮುಂದಿನ ಗಾಜಿನ ಮೇಲೆ ದೇವರುಗಳಿರುತ್ತಾರಲ್ಲ... ಒಂದರಲ್ಲಿ ದುರ್ಗಾಪರಮೇಶ್ವರಿ, ಒಂದರಲ್ಲಿ ಸ್ವಾಮಿ ಕೊರಗಜ್ಜ, ಒಂದರಲ್ಲಿ ಸಂತ ಅಂತೋನಿ, ಒಂದರಲ್ಲಿ 786. ಅಪ್ಪ ಮೂರೂ ಧರ್ಮದ ಧಣಿಗಳ ಬಸ್ಸಿನಲ್ಲಿ ದುಡಿದವರು. ಯಾರ ಚಿತ್ರ ಇದ್ದರೂ ಬೆಳಿಗ್ಗೆ ಒಂದು ಊದುಬತ್ತಿ ಹಚ್ಚಿಯೇ ಮೊದಲ ಸೀಟಿ. "ಬ್ರೇಕ್ ಫೇಲಾದರೆ ಯಾರು ಡ್ಯೂಟಿಯಲ್ಲಿದ್ದಾರೋ ಅವರೇ ನೋಡಿಕೊಳ್ಬೇಕಲ್ಲ" ಅನ್ನುವುದು ಅವರ ಸರ್ವಧರ್ಮ ಸಮನ್ವಯ. ಆಯುಧಪೂಜೆಯ ದಿನ ಬಸ್ಸಿಗೆ ಗೊಂಡೆ ಹೂವಿನ ಹಾರ, ಚಕ್ರಕ್ಕೆ ಲಿಂಬೆಹುಳಿ, ಟಿಕೆಟ್ ಮೆಶಿನ್ ಬಂದ ಮೇಲೆ ಮೆಶಿನ್ನಿಗೂ ಕುಂಕುಮ. ಕಂಡಕ್ಟರಿಗೆ ಒಂದು ಪೊಟ್ಟಣ ಅವಲಕ್ಕಿ. ಕೆಲಸ ಬಿಟ್ಟ ದಿನ ಅವರ ಕೈಗೆ ಬಂದದ್ದು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅಪ್ಪನಿಗೆ ಇಷ್ಟ ಆಗಲಿಕ್ಕಿಲ್ಲ.

ಇಷ್ಟು ಬರೆದ ಮೇಲೆ ಒಂದು ವಿಷಯ ಬಿಟ್ಟರೆ ಮೋಸವಾಗುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಒಂದು ಸಂಜೆ ಗೆಳೆಯರ ಜೊತೆ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿದೆ. ಹತ್ತಿದ ಮೇಲೆ ಗೊತ್ತಾಯಿತು, ಅದು ಅಪ್ಪನ ಬಸ್ಸು. ಅಪ್ಪ ಹಿಂದಿನ ಬಾಗಿಲಲ್ಲಿ ನಿಂತು "ಹಂಪನಕಟ್ಟೆ, ಜ್ಯೋತಿ, ಬಲ್ಮಠ, ಕಂಕನಾಡಿ... ದುಂಬು ಪೋಲೆ, ದುಂಬು ಪೋಲೆ... ರೈಟ್ ಪೋಯಿ!" ಅನ್ನುತ್ತಿದ್ದರು. ನಮ್ಮಲ್ಲಿ ಒಬ್ಬ ಮಿಮಿಕ್ರಿಯಲ್ಲಿ ಗಟ್ಟಿಗ. ಅಪ್ಪನ ದನಿಯನ್ನೇ ಮೂಗಿನಿಂದ ಎಳೆದು "ದುಂಬು ಪೋಲೇಏಏ" ಅಂದ. ಎಲ್ಲ ನಕ್ಕರು. ಅವರಿಗೆ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನೂ ನಕ್ಕೆ.

ಅಪ್ಪ ಟಿಕೆಟ್ ಕೇಳುತ್ತಾ ನಮ್ಮ ಹತ್ತಿರ ಬಂದರು. ನನ್ನ ಮುಖ ನೋಡಿದರು. "ಎಲ್ಲಿಗೆ?" ಅಂದರು, ಬೇರೆಯವರಿಗೆ ಅನ್ನುವ ಹಾಗೆಯೇ. ನಾನು ಐದು ರೂಪಾಯಿ ಕೊಟ್ಟೆ. ಟಿಕೆಟ್ ಹರಿದು, ಚಿಲ್ಲರೆ ಎಣಿಸಿ ನನ್ನ ಅಂಗೈಗೆ ಹಾಕಿ ಮುಂದೆ ಹೋದರು. ಒಂದು ಪೈಸೆ ಹೆಚ್ಚಿಲ್ಲ, ಒಂದು ಪೈಸೆ ಕಡಿಮೆ ಇಲ್ಲ. ರಾತ್ರಿ ಮನೆಯಲ್ಲಿ ಆ ಮಾತು ತೆಗೆಯಲಿಲ್ಲ. ಇವತ್ತಿನವರೆಗೂ ತೆಗೆದಿಲ್ಲ.

ಕಾಮಿಡಿ ಶೋದವರನ್ನು ಬೈಯುವ ಹಕ್ಕು ನನಗೆ ಎಷ್ಟಿದೆ ಅಂತ ಈಗ ನಿಮಗೆ ಗೊತ್ತಾಗಿರಬಹುದು.

ನಿನ್ನೆ ಸಂಜೆ ಚಹಾ ಕುಡಿಯುವಾಗ ಅಪ್ಪನಿಗೆ ಈ ಹಾಲರ್, ಮಗ್ಗ, ಪೇಶಾವರ, ಎಲ್ಲ ಕಥೆ ಹೇಳಿದೆ. ನೇಯ್ಗೆ ಮನೆ ಇದ್ದದ್ದು ಬಲ್ಮಠದಲ್ಲಿ, ಈಗ ಥಿಯೋಲಾಜಿಕಲ್ ಕಾಲೇಜು, ಶಾಂತಿ ಕೆಥೆಡ್ರಲ್ ಎಲ್ಲ ಇರುವ ಕಡೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು.

"ಹಾಗಾದ್ರೆ ನಾನು ದಿನಕ್ಕೆ ಎಂಟು ಸಲ ಈ ಅಂಗಿಯ ತವರುಮನೆ ಎದುರಿನಿಂದ ಹೋದೆ ಅನ್ನು. ಒಂದು ಸಲ ಯಾರಾದ್ರೂ ಹೇಳ್ಬಾರದಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ರಿ?"

"ಎಂತ ಮಾಡುದು... ಬಲ್ಮಠ ಅಂತ ಸ್ವಲ್ಪ ಗಟ್ಟಿ ಕೂಗ್ತಿದ್ದೆ."

ಒಳಗಿನಿಂದ ಅಮ್ಮನ ದನಿ ಬಂತು. ಅಪ್ಪ ಕೆಲಸ ಬಿಟ್ಟಾಗ ಮೂರು ಖಾಕಿ ಅಂಗಿಗಳಿದ್ದವು. ಎರಡನ್ನು ಅಮ್ಮ ಕತ್ತರಿಸಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿದ್ದಾರೆ. ದಪ್ಪ ಬಟ್ಟೆ, ಕೈ ಸುಡುವುದಿಲ್ಲ ಅಂತ. "ಅಷ್ಟು ದೊಡ್ಡ ಕಥೆ ಇದ್ರೆ ಮೊದಲೇ ಹೇಳ್ಬೇಕಿತ್ತು. ಈಗ ಅದರಲ್ಲಿ ಗಂಜಿ ಬಸಿದು ಎರಡು ವರ್ಷ ಆಯ್ತು."

ಮೂರನೆಯದು ಕಪಾಟಿನಲ್ಲಿದೆ. ಹೋಗಿ ತೆಗೆದು ನೋಡಿದೆ. ಕಾಲರ್ ಹರಿದಿದೆ, ಕಿಸೆಯ ಅಂಚು ಚಿಲ್ಲರೆಯ ಭಾರಕ್ಕೆ ಜೋತುಬಿದ್ದಿದೆ. ಬಣ್ಣ ಮಾತ್ರ ಹೋಗಿಲ್ಲ.